ಇಲ್ಲದ ಕೈಯ ನೋವು

ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಬಲಗೈ ಸಿಕ್ಕಿ, ಮೊಣಕೈಯಿಂದ ಕೆಳಗೆ ಕತ್ತರಿಸಿ ತೆಗೆಯಬೇಕಾಗಿ ಬಂದಿದ್ದ ಐವತ್ತೆಂಟು ವರ್ಷದ ರೈತರೊಬ್ಬರು ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದರು. ಗುರುತು ಸಿಗಬಾರದೆಂದು ಅವರ ಕೆಲವು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಗಾಯ ಮಾಗಿ ನಾಲ್ಕು ವರ್ಷಗಳಾಗಿದ್ದವು. ಅವರ ದೂರೆಲ್ಲ ಇಲ್ಲದ ಕೈಯ ಬಗ್ಗೆಯೇ ಇತ್ತು. ಐದೂ ಬೆರಳುಗಳು ಮುಷ್ಟಿಯಾಗಿ ಬಿಗಿದುಕೊಂಡು, ಉಗುರುಗಳು ಅಂಗೈಗೆ ನಾಟಿಕೊಂಡು, ಆ ಮುಷ್ಟಿಯನ್ನು ಏನೋ ಮುಂದಕ್ಕೆ ಎಳೆಯುತ್ತಲೇ ಇರುವ ನೋವು. ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದರು. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆಯಿಂದ ಸ್ವಲ್ಪ ಮಂಕು ಬರುತ್ತಿತ್ತೇ ಹೊರತು ಮುಷ್ಟಿ ಬಿಚ್ಚುತ್ತಿರಲಿಲ್ಲ. "ಕೈ ಇಲ್ಲ ಅಂತ ನಂಗೊತ್ತು ಮೇಡಂ, ಕೈಗೆ ಗೊತ್ತಿಲ್ವಲ್ಲ," ಎಂದರು.

ಇಲ್ಲಿ ಕುಳಿತಿರುವವರಲ್ಲಿ ಅರ್ಧದಷ್ಟು ಜನ ಫಿಸಿಯೋಥೆರಪಿಯ ವಿದ್ಯಾರ್ಥಿಗಳು. ಉಳಿದವರಲ್ಲಿ ಹಲವರು ತಾವೇ ವರ್ಷಗಟ್ಟಲೆ ನೋವು ತಿಂದವರು, ಇಲ್ಲವೇ ಅಂಥವರ ಮನೆಯವರು. ಇವತ್ತಿನ ಮಾತು ನಾನು ಕೊಡುವ ಇಎಂಡಿಆರ್ ಎಂಬ ಮನೋಚಿಕಿತ್ಸೆಯ ಬಗ್ಗೆ: ಕಾಡುವ ನೆನಪನ್ನೋ ನೋವನ್ನೋ ಮನಸ್ಸಿನಲ್ಲಿ ಹಿಡಿದುಕೊಂಡು ಕಣ್ಣುಗಳನ್ನು ಎಡಕ್ಕೆ ಬಲಕ್ಕೆ ಆಡಿಸುವ ಚಿಕಿತ್ಸೆ ಇದು. ಹೀಗೆ ಕಣ್ಣು ಆಡಿಸುವುದರಿಂದ ನೋವು ಕಡಿಮೆಯಾಗುತ್ತದೆ ಎಂಬ ಮಾತನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿದ್ದರೆ ಅದು ಸಹಜ. ಮೊದಲ ಸಲ ಕೇಳಿದಾಗ ನನಗೂ ಇದು ಮಂತ್ರ ಹಾಕಿ ಚೇಳಿನ ವಿಷ ಇಳಿಸುವ ವಿದ್ಯೆಯ ಹಾಗೆಯೇ ಕೇಳಿಸಿತ್ತು. ಆದ್ದರಿಂದ ಈ ಚಿಕಿತ್ಸೆ ಯಾರಿಗೆ ಉಪಯೋಗಕ್ಕೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಇದರ ಪರವಾಗಿರುವ ಸಾಕ್ಷ್ಯ ಎಷ್ಟು ಗಟ್ಟಿ ಎಂಬ ಮೂರು ಪ್ರಶ್ನೆಗಳನ್ನು ಬಿಡದೆ ಹಿಡಿದುಕೊಂಡೇ ಮಾತನಾಡುತ್ತೇನೆ.

ಮೊದಲು ನೋವಿನ ಬಗ್ಗೆ ಎರಡು ಮಾತು. ಆ ರೈತರು ನನ್ನ ಬಳಿಗೆ ಬರುವ ಮೊದಲು ಒಂದು ಆಸ್ಪತ್ರೆಯಲ್ಲಿ ಅವರಿಗೆ, "ಕೈಯೇ ಇಲ್ಲ ಅಂದ ಮೇಲೆ ನೋವೆಲ್ಲಿಂದ ಬರುತ್ತೆ, ಎಲ್ಲ ಮನಸ್ಸಿಂದು" ಎಂದು ಹೇಳಿ ಕಳುಹಿಸಿದ್ದರು. ನೋವಿನವರು ನನ್ನ ಕೋಣೆಗೆ ಬಂದು ಹೇಳುವ ಮೊದಲ ಮಾತು ಸಾಮಾನ್ಯವಾಗಿ ಇದೇ ಆಗಿರುತ್ತದೆ: ನಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡು ಇಲ್ಲಿಗೆ ಕಳುಹಿಸಿದ್ದಾರೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 1979ರ ತನ್ನ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿತು. ಅದರ ಪ್ರಕಾರ ನೋವೆಂದರೆ ದೇಹದ ಅಂಗಾಂಶಕ್ಕೆ ಆದ ಅಥವಾ ಆಗಬಹುದಾದ ಹಾನಿಯ ಜೊತೆಗೆ ಬರುವ, ಇಲ್ಲವೇ ಅಂಥ ಹಾನಿಯ ಅನುಭವವನ್ನು ಹೋಲುವ, ಅಹಿತವಾದ ಇಂದ್ರಿಯಾನುಭವ ಮತ್ತು ಭಾವಾನುಭವ. 'ಹೋಲುವ' ಎಂಬ ಪದವನ್ನು ಗಮನಿಸಿ. ಹಾನಿ ಎಕ್ಸ್‌ರೇಯಲ್ಲಿ ಕಾಣಲೇಬೇಕೆಂಬ ಷರತ್ತು ಈ ವ್ಯಾಖ್ಯೆಯಲ್ಲಿಲ್ಲ. ನೋವಿದೆ ಎಂದು ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಅದೇ ವ್ಯಾಖ್ಯೆಯ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ.

ಮೂರು ತಿಂಗಳು ಮೀರಿ ಉಳಿಯುವ ಅಥವಾ ಮತ್ತೆ ಮತ್ತೆ ಮರಳುವ ನೋವನ್ನು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ಅಷ್ಟು ದಿನ ನೋವಿನ ಸಂಕೇತಗಳು ಹರಿದ ನರಮಂಡಲ ಮೊದಲಿನ ಹಾಗೆ ಉಳಿದಿರುವುದಿಲ್ಲ. ಗಾಯದ ನಂತರ ಬೆನ್ನುಹುರಿಯ ನರಕೋಶಗಳೇ ಹೆಚ್ಚು ಸೂಕ್ಷ್ಮವಾಗಿ, ಸಣ್ಣ ಪ್ರಚೋದನೆಗೂ ದೊಡ್ಡದಾಗಿ ಪ್ರತಿಕ್ರಿಯಿಸತೊಡಗುತ್ತವೆಂದು ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಹಾವು ಕಚ್ಚಿದವನು ಹಗ್ಗ ಕಂಡರೂ ಬೆಚ್ಚುವ ಹಾಗೆ, ಗಾಯ ಮಾಗಿದ ಮೇಲೂ ನರಮಂಡಲ ಬೆಚ್ಚುತ್ತಿರುತ್ತದೆ. ಕೈಕಾಲು ಕಳೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇಲ್ಲದ ಅಂಗದಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿದ್ದ ಸೈಲಾಸ್ ವೀರ್ ಮಿಚೆಲ್ ಎಂಬ ವೈದ್ಯರು 1871ರಲ್ಲಿ ಇದಕ್ಕೆ 'ಫ್ಯಾಂಟಮ್ ಲಿಂಬ್' ಎಂಬ ಹೆಸರನ್ನು ಕೊಟ್ಟರು. ನಮ್ಮ ತಮಿಳುನಾಡಿನಲ್ಲಿ ಹುಟ್ಟಿದ ವಿ.ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಒಂದು ಕನ್ನಡಿಯ ಪೆಟ್ಟಿಗೆಯಲ್ಲಿ ಇರುವ ಕೈಯ ಪ್ರತಿಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ಕಾಣಿಸಿ, ಬಿಗಿದ ಮುಷ್ಟಿಯನ್ನು ಬಿಚ್ಚಿಸಲು ಪ್ರಯತ್ನಿಸಿದ್ದನ್ನು ಫಿಸಿಯೋಥೆರಪಿ ಓದುವವರು ಪಾಠದಲ್ಲಿ ಕೇಳಿಯೇ ಇರುತ್ತೀರಿ. ನಮ್ಮ ರೈತರಿಗೆ ಕನ್ನಡಿಯನ್ನೂ ಹಿಡಿದು ನೋಡಲಾಗಿತ್ತು. ಕನ್ನಡಿಯಲ್ಲಿ ಕೈ ಕಂಡೊಡನೆ ಅವರಿಗೆ ಗಾಣ ಕಣ್ಣಮುಂದೆ ಬಂದು, ಬೆವರಿ, ಎದ್ದು ಹೊರಗೆ ಹೋಗಿದ್ದರು.

ಅವರು ಎದ್ದುಹೋದ ಆ ಸಂಗತಿಯೇ ನನಗೆ ದಾರಿ ತೋರಿಸಿತು. ಅವರ ನೋವಿಗೆ ಒಂದು ಚಿತ್ರ ಅಂಟಿಕೊಂಡಿತ್ತು.

ಈಗ ಚಿಕಿತ್ಸೆಗೆ ಬರೋಣ. ಇದರ ಪೂರ್ತಿ ಹೆಸರು ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಶನ್ ಅಂಡ್ ರೀಪ್ರೊಸೆಸಿಂಗ್. ಬಾಯಿಗೆ ಸುಲಭವಾಗಲೆಂದು ಇಎಂಡಿಆರ್ ಎನ್ನುತ್ತೇವೆ. ಇದನ್ನು ಆರಂಭಿಸಿದವರು ಅಮೆರಿಕದ ಫ್ರಾನ್ಸಿನ್ ಶಪಿರೊ. ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದ ಅವರು ಕ್ಯಾನ್ಸರ್ ಬಂದ ನಂತರ ಮನಸ್ಸು ಮತ್ತು ದೇಹದ ಸಂಬಂಧದ ಕಡೆಗೆ ಹೊರಳಿ ಮನಶ್ಶಾಸ್ತ್ರಕ್ಕೆ ಬಂದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಉದ್ಯಾನದಲ್ಲಿ ನಡೆಯುತ್ತಿದ್ದಾಗ, ಮನಸ್ಸನ್ನು ಕಾಡುತ್ತಿದ್ದ ಯೋಚನೆಗಳು ತಮ್ಮಷ್ಟಕ್ಕೆ ಹರಿತ ಕಳೆದುಕೊಂಡಿದ್ದನ್ನೂ, ಆಗ ತಮ್ಮ ಕಣ್ಣುಗಳು ವೇಗವಾಗಿ ಅತ್ತಿಂದಿತ್ತ ಚಲಿಸುತ್ತಿದ್ದುದನ್ನೂ ಅವರು ಗಮನಿಸಿದರು. 1989ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ ಇದ್ದವರು 22 ಜನ. ಯುದ್ಧ, ಅತ್ಯಾಚಾರ ಮುಂತಾದ ಆಘಾತಗಳ ನೆನಪಿನಿಂದ ನರಳುತ್ತಿದ್ದವರು. ಅಲ್ಲಿಂದ ಮುಂದೆ ಪರ ವಿರೋಧದ ದೊಡ್ಡ ಗದ್ದಲವೇ ನಡೆಯಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಘಾತೋತ್ತರ ಒತ್ತಡದ ಕಾಯಿಲೆಗೆ ಶಿಫಾರಸು ಮಾಡಿದ ಮನೋಚಿಕಿತ್ಸೆಗಳಲ್ಲಿ ಇದೂ ಸೇರಿತು. ಶಪಿರೊ 2019ರಲ್ಲಿ ತೀರಿಕೊಂಡರು.

ನೆನಪಿಡಿ, ಆ ಶಿಫಾರಸು ಆಘಾತದ ಕಾಯಿಲೆಗೆ ಮಾತ್ರ. ಅದರಲ್ಲಿ ನೋವಿನ ಮಾತಿಲ್ಲ. ಜಾಹೀರಾತುಗಳಲ್ಲಿ 'ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಚಿಕಿತ್ಸೆ' ಎಂದು ಬರೆದು, ಅದರ ಕೆಳಗೇ ಮಂಡಿನೋವು, ಮೈಗ್ರೇನ್ ಎಲ್ಲವನ್ನೂ ಪಟ್ಟಿ ಮಾಡುವುದನ್ನು ನಾನು ನೋಡಿದ್ದೇನೆ. ಅದು ಸರಿಯಲ್ಲ.

ಈಗ ಒಂದು ಸಣ್ಣ ಪ್ರಯೋಗ ಮಾಡೋಣ. ಇದು ಚಿಕಿತ್ಸೆಯಲ್ಲ, ಆದ್ದರಿಂದ ದಯವಿಟ್ಟು ದೊಡ್ಡ ದುಃಖವನ್ನು ಎತ್ತಿಕೊಳ್ಳಬೇಡಿ. ಕಳೆದ ವಾರ ಆಟೋದವರ ಜೊತೆ ಚಿಲ್ಲರೆಗಾಗಿ ಆದ ಜಗಳದಂಥದ್ದು ಸಾಕು. ಅದರಲ್ಲಿ ತೀರಾ ಸಿಟ್ಟು ಬಂದ ಕ್ಷಣವನ್ನು ಚಿತ್ರದಂತೆ ಮನಸ್ಸಿಗೆ ತಂದುಕೊಳ್ಳಿ. ಅವರ ಮುಖ, ಧ್ವನಿ, ನಿಮ್ಮ ಎದೆಯ ಬಿಸಿ. ಚಿತ್ರವನ್ನು ಬಿಡದೆ, ತಲೆ ಅಲುಗಿಸದೆ, ನನ್ನ ಎರಡು ಬೆರಳುಗಳನ್ನು ಕಣ್ಣಿನಿಂದ ಹಿಂಬಾಲಿಸಿ. ಎಡಕ್ಕೆ, ಬಲಕ್ಕೆ, ಸ್ವಲ್ಪ ವೇಗವಾಗಿ. ಅರ್ಧ ನಿಮಿಷ ಸಾಕು. ಈಗ ಆ ಮುಖವನ್ನು ಮತ್ತೆ ನೋಡಿ. ಸ್ವಲ್ಪ ಮಸುಕಾಗಿದೆ ಎನ್ನುವವರು ಕೈ ಎತ್ತಿ. ನೋಡಿ, ಸುಮಾರು ಜನ ಇದ್ದೀರಿ. ಏನೂ ಆಗಲಿಲ್ಲ ಎನ್ನುವವರೂ ಇದ್ದೀರಿ. ಅದೂ ಸರಿಯೇ, ನೂರಕ್ಕೆ ನೂರು ಜನರಿಗೂ ಆಗುವಂಥದ್ದಲ್ಲ ಇದು.

ಇದಕ್ಕೆ ಸದ್ಯ ಹೆಚ್ಚು ಜನ ಒಪ್ಪುವ ವಿವರಣೆ ತುಂಬ ಸರಳ. ಒಂದು ಗಳಿಗೆಯಲ್ಲಿ ಮನಸ್ಸು ಹಿಡಿದಿಟ್ಟುಕೊಂಡು ಕೆಲಸ ಮಾಡಬಲ್ಲ ಜಾಗ, ಅಂದರೆ ನಾವು ಕಾರ್ಯಸ್ಮೃತಿ ಎನ್ನುವುದು, ಬಹಳ ಚಿಕ್ಕದು. ಚಿತ್ರವನ್ನೂ ಹಿಡಿದುಕೊಂಡು ಬೆರಳನ್ನೂ ಹಿಂಬಾಲಿಸು ಎಂದರೆ ಎರಡಕ್ಕೂ ಜಾಗ ಸಾಲುವುದಿಲ್ಲ. ಚಿತ್ರ ಮಸುಕಾಗುತ್ತದೆ, ಅದರ ಜೊತೆಗಿದ್ದ ಭಾವ ತಗ್ಗುತ್ತದೆ. ತಗ್ಗಿದ ರೂಪದಲ್ಲೇ ನೆನಪು ಮತ್ತೆ ಒಳಗೆ ಹೋಗಿ ಕೂರುತ್ತದೆ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಸಂಗಡಿಗರು ಇದನ್ನು ಹಲವು ಬಗೆಯಲ್ಲಿ ಪರೀಕ್ಷಿಸಿದ್ದಾರೆ. ಹಾಗಾದರೆ ಮನಸ್ಸಿನಲ್ಲೇ ಲೆಕ್ಕ ಮಾಡಿದರೂ ಇದೇ ಆಗಬೇಕಲ್ಲ ಎಂದು ನೀವು ಕೇಳಿದರೆ, ಹೌದು, ಸ್ವಲ್ಪಮಟ್ಟಿಗೆ ಆಗುತ್ತದೆ. ಕಿವಿಗೆ ಎಡಬಲವಾಗಿ ಬರಿಯ ಸದ್ದು ಕೇಳಿಸಿದರೆ ಪರಿಣಾಮ ಕಣ್ಣಿನ ಚಲನೆಗಿಂತ ಕಡಿಮೆ, ಏಕೆಂದರೆ ಸದ್ದು ಕೇಳಿಸಿಕೊಳ್ಳಲು ಮನಸ್ಸು ಅಷ್ಟು ದುಡಿಯಬೇಕಿಲ್ಲ. ಇದಲ್ಲದೆ ಕೊರಿಯಾದ ಸಂಶೋಧಕರು 2019ರಲ್ಲಿ, ಎಡಬಲವಾಗಿ ಚಲಿಸುವ ಬೆಳಕನ್ನು ಕಂಡ ಇಲಿಗಳಲ್ಲಿ ಕಲಿತ ಭಯ ತಗ್ಗುವುದನ್ನು ಮೆದುಳಿನ ನಿರ್ದಿಷ್ಟ ನರಮಾರ್ಗದವರೆಗೆ ಗುರುತಿಸಿ ತೋರಿಸಿದ್ದಾರೆ. ಎಡ ಮಿದುಳು, ಬಲ ಮಿದುಳು ಸಮತೋಲಕ್ಕೆ ಬರುತ್ತವೆ ಎಂದು ಕೆಲವರು ಚಿತ್ರ ಬರೆದು ವಿವರಿಸುವುದುಂಟು. ನಾನು ಆ ಚಿತ್ರವನ್ನು ತೋರಿಸುವುದನ್ನು ಬಿಟ್ಟು ಬಹಳ ದಿನಗಳಾದವು.

ಟೀಕಾಕಾರರ ವಾದವನ್ನೂ ಹೇಳಲೇಬೇಕು. ನೆನಪನ್ನು ಎದುರಿಸುವುದೇ ಇಲ್ಲಿ ಕೆಲಸ ಮಾಡುತ್ತಿದೆ, ಅದು ಹಳೆಯ ವಿದ್ಯೆ; ಹೊಸದಾಗಿ ಸೇರಿದ ಕಣ್ಣಿನ ಚಲನೆ ಬರೀ ಅಲಂಕಾರ ಎಂದು ಅವರು ಹೇಳುತ್ತ ಬಂದಿದ್ದಾರೆ. 2001ರಲ್ಲಿ ಡೇವಿಡ್‌ಸನ್ ಮತ್ತು ಪಾರ್ಕರ್ ಆವರೆಗಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ವಿಶ್ಲೇಷಿಸಿದಾಗ ಕಣ್ಣಿನ ಚಲನೆಯಿಂದ ಹೆಚ್ಚುವರಿ ಪ್ರಯೋಜನ ಕಾಣಲಿಲ್ಲ. 2013ರಲ್ಲಿ ಲೀ ಮತ್ತು ಕೌಪರ್ಸ್ ಮಾಡಿದ ಅಂಥದೇ ವಿಶ್ಲೇಷಣೆಯಲ್ಲಿ ಕಂಡಿತು. ಜಗಳ ಮುಗಿದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಬೆರಳು ಆಡಿಸುವುದಕ್ಕಿಂತ ಆ ಬೆರಳಿನ ಮುಂದೆ ಯಾವ ನೆನಪನ್ನು ತಂದು ಕೂರಿಸುತ್ತೇವೆ ಎಂಬುದೇ ಈ ಚಿಕಿತ್ಸೆಯ ಮುಕ್ಕಾಲು ಪಾಲು. ನೋವಿನವರಲ್ಲಂತೂ ಆ ಆಯ್ಕೆ ಸುಲಭವಲ್ಲ.

ಚಿಕಿತ್ಸೆಗೆ ಎಂಟು ಹಂತಗಳಿವೆ. ಎಲ್ಲವನ್ನೂ ವಿವರಿಸುತ್ತ ಕೂರುವುದಿಲ್ಲ. ಮೊದಲ ಎರಡು ಹಂತ, ಅಂದರೆ ಹಿನ್ನೆಲೆ ಕೇಳಿ ತಿಳಿಯುವುದು ಮತ್ತು ವ್ಯಕ್ತಿಯನ್ನು ಅಣಿಗೊಳಿಸುವುದು, ನೋವಿನವರ ವಿಷಯದಲ್ಲಿ ಕೆಲವೊಮ್ಮೆ ನಾಲ್ಕೈದು ಭೇಟಿಗಳನ್ನೇ ತೆಗೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಹೇಳಿ, ನಮ್ಮ ರೈತರ ಬಳಿಗೆ ಮರಳುತ್ತೇನೆ.

ಅವರನ್ನು ನಾನು ಎದುರಿಗೆ ಕೂರಿಸಿಕೊಳ್ಳಲಿಲ್ಲ. ಎದುರುಬದುರಾಗಿ ಬರುವ ಎರಡು ಎತ್ತಿನಗಾಡಿಗಳು ಪಕ್ಕದಲ್ಲಿ ಹಾದುಹೋಗುವಾಗ ಇರುವ ಹಾಗೆ ನಮ್ಮ ಕುರ್ಚಿಗಳಿರುತ್ತವೆ. ನನ್ನ ಕೈ ಅವರ ಮುಖದಿಂದ ಒಂದಡಿಗಿಂತ ಸ್ವಲ್ಪ ದೂರ. ಆಘಾತದ ತೀರಾ ಕೆಟ್ಟ ಚಿತ್ರ ಯಾವುದು ಎಂದು ಕೇಳಿದೆ. ಕೈ ಗಾಣದ ಉರುಳೆಗಳ ನಡುವೆ ಹೋದ ಕ್ಷಣವನ್ನೇ ಹೇಳುತ್ತಾರೆಂದು ನಾನು ಅಂದುಕೊಂಡಿದ್ದೆ. ಹೇಳಿದ್ದು ಅದನ್ನಲ್ಲ. ಕೈ ಸಿಕ್ಕ ಮೇಲೂ ಡೀಸೆಲ್ ಎಂಜಿನ್ ನಿಲ್ಲಲಿಲ್ಲ. ಅದನ್ನು ನಿಲ್ಲಿಸಲು ಓಡಿದ ಅವರ ತಮ್ಮ ಗಾಬರಿಯಲ್ಲಿ ಎಡವಿ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಬಿದ್ದ. ಅವನು ಏಳುವವರೆಗೆ ಎಂಜಿನ್ನಿನ ಆ ಡಬಡಬ ಸದ್ದು. ಅವರ ತೀರಾ ಕೆಟ್ಟ ಚಿತ್ರ ಆ ಸದ್ದು ಮತ್ತು ತಮ್ಮನ ಬೆನ್ನು.

ಮುಂದಿನ ಪ್ರಶ್ನೆ: ಆ ಚಿತ್ರ ನೋಡುವಾಗ ನಿಮ್ಮ ಬಗ್ಗೆ ನಿಮಗೆ ಬರುವ ಮಾತು ಯಾವುದು? ಕೈಪಿಡಿಯಲ್ಲಿ ಇದಕ್ಕೆ ಉತ್ತರಗಳ ಇಂಗ್ಲಿಷ್ ಪಟ್ಟಿಯೇ ಇರುತ್ತದೆ. ತರಬೇತಿಯಾದ ಹೊಸದರಲ್ಲಿ ನಾನು ಅವುಗಳನ್ನು ಕನ್ನಡಿಸಿ, 'ನಾನು ಶಕ್ತಿಹೀನ', 'ನಾನು ಅಸುರಕ್ಷಿತ' ಎಂದೆಲ್ಲ ಓದಿ ಹೇಳುತ್ತಿದ್ದೆ. ಯಾರ ಮುಖದಲ್ಲೂ ಏನೂ ಆಗುತ್ತಿರಲಿಲ್ಲ. ಇವರು ನನ್ನ ಪಟ್ಟಿಗೆ ಕಾಯಲಿಲ್ಲ. "ಇನ್ನು ನನ್ನ ಕೈಲಿ ಏನೂ ಆಗಲ್ಲ," ಎಂದರು. ದಿನಕ್ಕೆ ನೂರು ಸಲ ನಾವೆಲ್ಲ ಆಡುವ ಮಾತು ಅದು. ಬಲಗೈ ಇಲ್ಲದ ಮನುಷ್ಯನ ಬಾಯಿಂದ ಬಂದಾಗ ಅದರ ಒಂದೊಂದು ಪದವೂ ಅಕ್ಷರಶಃ ನಿಜವಾಗಿ ಕೇಳಿಸಿತು. ಅದನ್ನು ಅವರು ಹೇಳುವಾಗ ಭುಜ ಮೇಲೆದ್ದು, ಮೋಟುಗೈಯ ಸ್ನಾಯುಗಳು ಬಿಗಿದವು.

ಸಂಕಟದ ಪ್ರಮಾಣವನ್ನು ಸೊನ್ನೆಯಿಂದ ಹತ್ತರವರೆಗೆ ಹೇಳಿಸಬೇಕು. ಅವರಿಗೆ ಹತ್ತರ ಲೆಕ್ಕ ಹಿಡಿಸಲಿಲ್ಲ. "ರೂಪಾಯಿ ಲೆಕ್ಕದಲ್ಲಿ ಹೇಳ್ಲಾ?" ಎಂದು ಕೇಳಿ, "ಹದಿನಾರಾಣೆ" ಎಂದರು. ಆ ದಿನದಿಂದ ಅವರ ಕಡತದಲ್ಲಿ ನಾನು ಆಣೆಯಲ್ಲೇ ಬರೆದುಕೊಂಡೆ. ವಯಸ್ಸಾದವರ ಜೊತೆ ಕೆಲಸ ಮಾಡುವ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಿ. ಎಂಟಾಣೆ, ನಾಲ್ಕಾಣೆ ಎನ್ನುವಾಗ ಅವರು ತೋರುವ ಖಚಿತತೆ 'ಐದು' ಎನ್ನುವಾಗ ಇರುವುದಿಲ್ಲ.

ಆಮೇಲೆ ಬೆರಳಿನ ಚಲನೆ. ಸುಮಾರು ಇಪ್ಪತ್ತನಾಲ್ಕು ಸಲ ಅತ್ತಿತ್ತ, ನಿಲುಗಡೆ, ಒಂದು ಉಸಿರು, "ಈಗ ಏನು ಬರುತ್ತಿದೆ?" ಎಂಬ ಪ್ರಶ್ನೆ. ಅವರು ಹೇಳಿದ್ದನ್ನು ನಾನು ವ್ಯಾಖ್ಯಾನಿಸುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. "ಅದರ ಜೊತೆಗೇ ಇರಿ" ಎಂದು ಮತ್ತೆ ಬೆರಳು ಆಡಿಸುತ್ತೇನೆ. ಮೊದಲು ಸದ್ದು ಜೋರಾಯಿತು. ಆಮೇಲೆ ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ವಾಸನೆ ಬಂದು ವಾಕರಿಸಿದರು. ಅಪಘಾತವಾದಂದಿನಿಂದ ಮನೆಯಲ್ಲಿ ಬೆಲ್ಲದ ಕಾಫಿಯನ್ನೇ ಬಿಡಿಸಿದ್ದರಂತೆ, ಅದು ಅವರ ಹೆಂಡತಿ ಹೇಳಿದ ಮೇಲೆ ನನಗೆ ಗೊತ್ತಾಯಿತು. ಆಮೇಲೆ ತಮ್ಮನ ಮೇಲೆ ಸಿಟ್ಟು. ನಾಲ್ಕು ವರ್ಷ ಅವನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಎರಡು ಸುತ್ತು ಬರೀ ಅಳು. ಮೂರನೆಯ ಭೇಟಿಯ ಕೊನೆಗೆ ಕಣ್ಣು ನಿಲ್ಲಿಸಿ, "ಎಂಜಿನ್ ನಿಂತೋಯ್ತು," ಎಂದರು. ನೆನಪಿನೊಳಗೆ ಆ ಎಂಜಿನ್ ಅದುವರೆಗೆ ಒಮ್ಮೆಯೂ ನಿಂತಿರಲಿಲ್ಲ.

ಮುಷ್ಟಿ ಅಂದೇ ಬಿಚ್ಚಿಕೊಂಡಿತು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಬಿಚ್ಚಿಕೊಳ್ಳಲಿಲ್ಲ. ನಿದ್ದೆ ಮೊದಲು ಬಂತು. ಆರನೆಯ ಭೇಟಿಯ ಹೊತ್ತಿಗೆ ನಾಲ್ಕು ಬೆರಳು ಸಡಿಲವಾದವು, ಹೆಬ್ಬೆರಳು ಹಾಗೆಯೇ ಉಳಿಯಿತು. ಅಲ್ಲಿಂದ ನೋವನ್ನೇ ಗುರಿಯಾಗಿ ಇಟ್ಟುಕೊಂಡೆವು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಆಘಾತದ ಇಎಂಡಿಆರ್‌ಗೂ ನೋವಿನ ಇಎಂಡಿಆರ್‌ಗೂ ಇರುವ ವ್ಯತ್ಯಾಸ ಇದೇ. ನೋವಿನವರಲ್ಲಿ ಮೂರು ಗುರಿಗಳಿರಬಹುದು: ನೋವಿಗೆ ಕಾರಣವಾದ ಅಥವಾ ಅದರ ಜೊತೆಗೆ ಬೆಸೆದುಕೊಂಡ ಹಳೆಯ ಘಟನೆ, ಈ ಕ್ಷಣದ ನೋವು, ಮತ್ತು ನಾಳೆ ನೋವು ಬಂದರೆ ಎಂಬ ಹೆದರಿಕೆ. ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞ ಮಾರ್ಕ್ ಗ್ರಾಂಟ್ ಅವರು ಎರಡನೆಯದಕ್ಕೆ ಒಂದು ಕ್ರಮವನ್ನು ರೂಪಿಸಿದರು. ನೋವನ್ನು ಒಂದು ವಸ್ತುವಿನಂತೆ ನೋಡಿ, ಅದರ ಗಾತ್ರ, ಆಕಾರ, ಬಣ್ಣ, ಬಿಸಿ ಅಥವಾ ತಣ್ಣಗೆ ಇವನ್ನು ವ್ಯಕ್ತಿಯ ಬಾಯಿಂದಲೇ ಹೇಳಿಸಿ, ಕಣ್ಣಿನ ಚಲನೆಯ ಸುತ್ತುಗಳ ನಡುವೆ ಅದು ಹೇಗೆ ಬದಲಾಗುತ್ತದೆಂದು ಗಮನಿಸುವುದು; ಆಮೇಲೆ ಅದನ್ನು ಯಾವುದು ಕರಗಿಸೀತು, ತಣಿಸೀತು ಎಂದು ಕೇಳಿ ಆ ಚಿತ್ರವನ್ನು ಬೆಳೆಸುವುದು.

ಈ ಕೆಲಸದಲ್ಲಿ ನಮ್ಮ ಭಾಷೆ ಬಹಳ ನೆರವಾಗುತ್ತದೆ. ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವಿನ 78 ಇಂಗ್ಲಿಷ್ ವಿಶೇಷಣಗಳಿವೆ. ಅವನ್ನು ಕನ್ನಡಕ್ಕೆ ತಿರುಗಿಸಿ ರೋಗಿಯ ಕೈಗೆ ಕೊಡುವ ಮೊದಲು, ನಮ್ಮವರು ತಾವಾಗಿ ಏನನ್ನುತ್ತಾರೆ ಕೇಳಿ: ಸೆಳೆತ, ಚಳಕು, ಜೋಮು, ಹಿಡಿತ, ತಿವಿತ, ಉರಿ, ಸಿಡಿತ. 'ಸೊಂಟ ಹಿಡ್ಕೊಂಡಿದೆ' ಎನ್ನುವವರನ್ನು ಕೇಳಬಹುದು: ಯಾರು ಹಿಡಿದಂತಿದೆ, ಎಷ್ಟು ದೊಡ್ಡ ಕೈ? 'ಕಾಲು ಹರಿಯುತ್ತೆ' ಎನ್ನುವವರ ಚಿತ್ರವೇ ಬೇರೆ. ನಾವು ಮೈಯ ನೋವಿಗೂ ಮನದ ನೋವಿಗೂ ಒಂದೇ ಪದ ಇಟ್ಟುಕೊಂಡಿದ್ದೇವೆ ಎಂದು ಹೆಮ್ಮೆಪಡುವುದುಂಟು. ಕೋಣೆಯೊಳಗೆ ಅದು ತೊಡಕೂ ಹೌದು. "ಯಾವಾಗಿಂದ ನೋವು?" ಎಂದರೆ, "ಮಗಳ ಮದುವೆ ಮುರಿದಾಗಿಂದ" ಎಂಬ ಉತ್ತರ ಬಂದಾಗ ಯಾವ ನೋವೆಂದು ಇನ್ನೊಮ್ಮೆ ಕೇಳಬೇಕಾಗುತ್ತದೆ. ಬಹಳ ಸಲ ಉತ್ತರ 'ಎರಡೂ'.

ರೈತರ ಹೆಬ್ಬೆರಳು ಕಪ್ಪು ಕಬ್ಬಿಣದ ಕೊಕ್ಕೆಯಂತಿತ್ತು, ಬಿಸಿಯಾಗಿತ್ತು. ಅದನ್ನು ತಣಿಸುವುದು ಯಾವುದೆಂದು ಕೇಳಿದಾಗ ನಾಲೆಯ ನೀರು ಎಂದರು. ಹನ್ನೊಂದು ಭೇಟಿಗಳಾದ ಮೇಲೆ ಅವರ ನೋವು ಮೂರಾಣೆಗೆ ಬಂದು ನಿಂತಿತು. ಮಾತ್ರೆಯ ಪ್ರಮಾಣವನ್ನು ಅವರ ವೈದ್ಯರು ನಿಧಾನವಾಗಿ ಇಳಿಸಿದರು. ಅದನ್ನು ನಾನು ಮಾಡುವಂತಿಲ್ಲ, ರೋಗಿಯೂ ತಾನಾಗಿ ಮಾಡಬಾರದು. ಚಳಿಗಾಲದಲ್ಲಿ ಮೋಟುಗೈಯ ತುದಿಯಲ್ಲೇ ಬರುತ್ತಿದ್ದ ಒಂದು ಶಾಕ್ ಹೊಡೆದಂಥ ನೋವು ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಕತ್ತರಿಸಿದ ನರದ ತುದಿ ಗಂಟುಕಟ್ಟಿಕೊಂಡರೆ ಹೀಗಾಗುತ್ತದೆ, ಮುಟ್ಟಿದರೆ ಸಿಡಿಯುತ್ತದೆ. ಅದು ಇಲ್ಲದ ಕೈಯ ನೋವಲ್ಲ, ಇರುವ ನರದ ನೋವು. ಅದಕ್ಕೆ ಶಸ್ತ್ರಚಿಕಿತ್ಸಕರ ಹತ್ತಿರವೇ ಕಳುಹಿಸಿದೆ. ಈ ಎರಡನ್ನು ಬೇರೆ ಮಾಡದೆ ಬೆರಳಾಡಿಸುತ್ತ ಕುಳಿತರೆ ಕಾಲಹರಣವಾಗುತ್ತದೆ.

ಒಬ್ಬರ ಕಥೆಯಿಂದ ಏನೂ ಸಿದ್ಧವಾಗುವುದಿಲ್ಲ, ಆದ್ದರಿಂದ ಅಧ್ಯಯನಗಳಿಗೆ ಬರುತ್ತೇನೆ. ಇಲ್ಲದ ಅಂಗದ ನೋವಿನ ಮೇಲೆ ಷ್ನೈಡರ್, ಹಾಫ್‌ಮನ್, ರೋಸ್ಟ್ ಮತ್ತು ಶಪಿರೊ 2008ರಲ್ಲಿ ಐದು ಜನರ ವರದಿ ಪ್ರಕಟಿಸಿದರು. 3ರಿಂದ 15 ಭೇಟಿಗಳ ನಂತರ ನೋವು ಗಣನೀಯವಾಗಿ ತಗ್ಗಿತ್ತು ಅಥವಾ ಹೋಗಿತ್ತು. 2010ರಲ್ಲಿ ನೆದರ್ಲೆಂಡ್ಸಿನಲ್ಲಿ ಕಾರ್ಲೈನ್ ಡೆ ರೋಸ್ ಮತ್ತು ಸಂಗಡಿಗರು ಹತ್ತು ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಎಂಟು ಜನ ಸುಧಾರಿಸಿದರು, ಮೂರು ತಿಂಗಳ ನಂತರ ನಾಲ್ವರಿಗೆ ನೋವೇ ಇರಲಿಲ್ಲ, ಇಬ್ಬರಿಗೆ ಉಪಯೋಗವಾಗಲಿಲ್ಲ. ಐದು ಮತ್ತು ಹತ್ತು! ಇವು ತುಂಬ ಸಣ್ಣ ಸಂಖ್ಯೆಗಳು, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. 2014ರಲ್ಲಿ ಜರ್ಮನಿಯ ಯೋನಾಸ್ ಟೆಸಾರ್ಜ್ ಮತ್ತು ಸಂಗಡಿಗರು ದೀರ್ಘಕಾಲದ ನೋವಿಗೆ ಸಂಬಂಧಿಸಿದ ಎಲ್ಲ ಅಧ್ಯಯನಗಳನ್ನು ಹುಡುಕಿದಾಗ ಅವರಿಗೆ ಸಿಕ್ಕ ನಿಯಂತ್ರಿತ ಪ್ರಯೋಗಗಳು, ಅಂದರೆ ಹೋಲಿಕೆಗೆ ಇನ್ನೊಂದು ಗುಂಪನ್ನು ಇಟ್ಟುಕೊಂಡು ಮಾಡಿದವು, ಎರಡೇ ಎರಡು. ಉಳಿದ ಹತ್ತು ವೀಕ್ಷಣೆಯ ಅಧ್ಯಯನಗಳು.

ಫಿಸಿಯೋಥೆರಪಿಯವರು ವಿಶೇಷವಾಗಿ ಗಮನಿಸಬೇಕಾದದ್ದು 2016ರಲ್ಲಿ ಅದೇ ಜರ್ಮನಿಯ ಗುಂಪು ಪ್ರಕಟಿಸಿದ ಬೆನ್ನುನೋವಿನ ಅಧ್ಯಯನ. ಹಿಂದೆ ಮಾನಸಿಕ ಆಘಾತಕ್ಕೊಳಗಾಗಿದ್ದ, ದೀರ್ಘಕಾಲದ ಬೆನ್ನುನೋವಿನ 40 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆಯನ್ನು ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಹತ್ತು ಭೇಟಿಗಳ ಇಎಂಡಿಆರ್ ಕೊಟ್ಟರು. ಇಎಂಡಿಆರ್ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನ ತಮಗೆ ತೃಪ್ತಿಕರವಾಗಿ ಸುಧಾರಿಸಿದೆ ಎಂದರು, ಇನ್ನೊಂದು ಗುಂಪಿನಲ್ಲಿ ಹಾಗೆ ಸುಧಾರಿಸಿದವರು ಯಾರೂ ಇರಲಿಲ್ಲ. ಆದರೆ ಒಳಗಿನ ಅಂಕಿಗಳನ್ನು ನೋಡಿ. ನೋವಿನ ತೀವ್ರತೆಯಲ್ಲಿ ಕಂಡ ಇಳಿಕೆ ದಿನನಿತ್ಯದ ಓಡಾಟ ಮತ್ತು ಕೆಲಸದ ಅಡಚಣೆಯಲ್ಲಿ ಕಾಣಲಿಲ್ಲ. ಆರು ತಿಂಗಳ ನಂತರವಂತೂ ಆ ಅಡಚಣೆಯಲ್ಲಿ ಎರಡು ಗುಂಪಿಗೂ ಹೆಚ್ಚು ವ್ಯತ್ಯಾಸವೇ ಉಳಿದಿರಲಿಲ್ಲ. ನೋವು ತಗ್ಗಿದ ಮನುಷ್ಯ ತಾನಾಗಿ ಎದ್ದು ಬಗ್ಗಿ ಕೆಲಸ ಮಾಡುವುದಿಲ್ಲ. ವರ್ಷಗಟ್ಟಲೆ ಬಳಸದ ಸ್ನಾಯು, ಬಗ್ಗಿದರೆ ಮುರಿದೀತೆಂಬ ಹೆದರಿಕೆ ಅಲ್ಲೇ ಇರುತ್ತವೆ. ಅದು ನಿಮ್ಮ ಕೆಲಸ. ನನ್ನ ಕೋಣೆಯಲ್ಲಿ ನಾಲ್ಕಾಣೆ ಇಳಿದ ದಿನವೇ ನಿಮ್ಮ ಮ್ಯಾಟಿನ ಮೇಲೆ ವ್ಯಾಯಾಮ ಶುರುವಾದರೆ ಒಳ್ಳೆಯದು.

ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಹೊರಡಿಸಿದ ದೀರ್ಘಕಾಲದ ನೋವಿನ ಮಾರ್ಗಸೂಚಿಯಲ್ಲಿ ವ್ಯಾಯಾಮ ಮತ್ತು ಬೇರೆ ಎರಡು ಮನೋಚಿಕಿತ್ಸೆಗಳಿಗೆ ಜಾಗವಿದೆ. ಇಎಂಡಿಆರ್ ಆ ಶಿಫಾರಸಿನಲ್ಲಿಲ್ಲ. ಸದ್ಯದ ಸಾಕ್ಷ್ಯಕ್ಕೆ ಅದು ತಕ್ಕದ್ದೇ ಎಂದು ನಾನು ಒಪ್ಪುತ್ತೇನೆ. ಎಲ್ಲ ನೋವಿಗೂ ಇದನ್ನು ಮೊದಲ ಚಿಕಿತ್ಸೆಯಾಗಿ ಕೊಡುವವರನ್ನು ನಾನು ನಂಬುವುದಿಲ್ಲ. ನೋವು ಶುರುವಾದ ದಿನ, ಸಮಯ, ಬಟ್ಟೆಯ ಬಣ್ಣ ಸಹಿತ ಹೇಳಬಲ್ಲವರು, ನೋವು ಏರಿದಾಗ ಯಾವುದೋ ಚಿತ್ರವೂ ಬಂತೆನ್ನುವವರು, ಅಪಘಾತದ ಜಾಗವನ್ನು ಸುತ್ತಿ ಬೇರೆ ದಾರಿಯಲ್ಲಿ ಓಡಾಡುವವರು, ಕನಸಿನಿಂದ ಬೆಚ್ಚಿ ಏಳುವವರು, ಇಂಥವರ ವಿಷಯದಲ್ಲಿ ಮಾತ್ರ ನಾನು ಇದನ್ನು ಬೇಗ ಯೋಚಿಸುತ್ತೇನೆ.

ನಾನು ತಪ್ಪಿದ್ದನ್ನೂ ಹೇಳಬೇಕು. ಮೈಯೆಲ್ಲ ನೋವೆಂದು ಬಂದ ಮಧ್ಯವಯಸ್ಸಿನ ಹೆಂಗಸೊಬ್ಬರು ಬಾಲ್ಯದಲ್ಲಿ ಬಾವಿಗೆ ಬಿದ್ದು ಬದುಕಿದ್ದರು. ನನಗೆ ಗುರಿ ಸಿಕ್ಕಿತೆಂಬ ಉತ್ಸಾಹ. ಐದು ಭೇಟಿಗಳಲ್ಲಿ ಬಾವಿಯ ನೆನಪು ಸಪ್ಪೆಯಾಯಿತು, ಸಂಕಟ ಸೊನ್ನೆಗೆ ಬಂತು, ಮೈನೋವು ಒಂದಿಷ್ಟೂ ಕದಲಲಿಲ್ಲ. ಆರನೆಯ ಸಲ ಕೈಬಳೆ ಸರಿಸುವಾಗ ಮಣಿಕಟ್ಟಿನ ಮೇಲಿನ ಹೊಸ ಕಲೆ ಕಂಡಿತು. ಗಂಡ ಹೊಡೆಯುತ್ತಿದ್ದ, ಆ ವಾರವೂ ಹೊಡೆದಿದ್ದ. ನಾನು ಮೊದಲ ದಿನ ಕೇಳಬೇಕಾದ ಪ್ರಶ್ನೆಯನ್ನು ಕೇಳಿರಲಿಲ್ಲ. ಈಗ ನಡೆಯುತ್ತಿರುವ ಹಿಂಸೆಯನ್ನು ಹಳೆಯ ನೆನಪಿನಂತೆ ಮಸುಕು ಮಾಡಲು ಬರುವುದಿಲ್ಲ, ಮಾಡಲೂಬಾರದು. ಆ ಹಿಂಸೆಯ ಹೆದರಿಕೆಯೇ ಅವರನ್ನು ಕಾಪಾಡುತ್ತಿರುತ್ತದೆ. ಅಲ್ಲಿಂದ ಕಣ್ಣಿನ ಚಲನೆಯನ್ನು ನಿಲ್ಲಿಸಿ, ಅವರು ತವರಿಗೆ ಹೋಗುವ ದಾರಿ, ಕಾನೂನಿನ ನೆರವು ಇವುಗಳ ಬಗ್ಗೆಯೇ ಮಾತಾಡಿದೆವು.

ಇನ್ನು ಎಚ್ಚರಿಕೆಗಳು. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿಕೊಳ್ಳುವುದು, ಕೂರುವ ಜಾಗ ಮರಗಟ್ಟುವುದು, ಕಾಲು ಬಲ ಕಳೆದುಕೊಳ್ಳುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಮನಶ್ಶಾಸ್ತ್ರಜ್ಞರನ್ನು ಹುಡುಕಬೇಡಿ, ಆಸ್ಪತ್ರೆಗೆ ಓಡಿ. ಮೂರ್ಛೆರೋಗ ಇರುವವರು, ಕಣ್ಣಿನ ತೊಂದರೆ ಇರುವವರು, ಗರ್ಭಿಣಿಯರು ಮೊದಲೇ ತಿಳಿಸಬೇಕು. ಕಣ್ಣಿಗೆ ಆಗದಿದ್ದರೆ ಮಂಡಿಯ ಮೇಲೆ ಎಡಬಲವಾಗಿ ತಟ್ಟುವ ವಿಧಾನವಿದೆ. ಮಾತಿನ ನಡುವೆ ಕಳೆದುಹೋಗುವ, ಎಲ್ಲಿದ್ದೇನೆಂದು ಮರೆಯುವ ಸ್ವಭಾವದವರಿಗೆ ತಯಾರಿಯಿಲ್ಲದೆ ಇದನ್ನು ಮಾಡಿದರೆ ಸ್ಥಿತಿ ಕೆಡಬಹುದು. ಇನ್ನೊಂದನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ರಸ್ತೆ ಅಪಘಾತದ ಪರಿಹಾರದ ಕೇಸು ನಡೆಯುತ್ತಿದ್ದು, ನೀವು ಸಾಕ್ಷಿ ಹೇಳುವುದು ಬಾಕಿ ಇದ್ದರೆ, ಚಿಕಿತ್ಸೆಗೆ ಮೊದಲು ವಕೀಲರ ಜೊತೆ ಮಾತಾಡಿ. ಈ ಚಿಕಿತ್ಸೆಯಲ್ಲಿ ನೆನಪಿನ ವಿವರಗಳು ಮಸುಕಾಗಬಹುದು, ಅಳದೆ ಹೇಳುವ ಸಾಕ್ಷಿಯನ್ನು ಎದುರು ಪಕ್ಷದವರು ಬೇರೆ ರೀತಿ ಬಳಸಿಕೊಳ್ಳಬಹುದು.

ಯೂಟ್ಯೂಬಿನಲ್ಲಿ ಅತ್ತಿತ್ತ ಓಡುವ ಚೆಂಡಿನ ವಿಡಿಯೋ ನೋಡಿ ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಚೀಟಿ ಬಂದಿದೆ. ಚೆಂಡು ನೋಡುವುದರಿಂದ ಅಪಾಯವಿಲ್ಲ. ಅದರ ಜೊತೆ ಒಬ್ಬರೇ ಕುಳಿತು ಹಳೆಯ ಆಘಾತವನ್ನು ಎಬ್ಬಿಸಿದರೆ, ಅರ್ಧಕ್ಕೆ ಬಂದಾಗ ನಿಲ್ಲಿಸಿ ಕೂರಿಸುವವರು ಪಕ್ಕದಲ್ಲಿರುವುದಿಲ್ಲ. ಆದ್ದರಿಂದ ಬೇಡ. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಅಥವಾ ಮನೋವೈದ್ಯರು ಹತ್ತಿರದಲ್ಲಿ ಯಾರಿದ್ದಾರೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕೇಳಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ರೈತರು ಈಗ ಹೇಗಿದ್ದಾರೆಂದು ಮುಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಹೋದ ಸುಗ್ಗಿಯಲ್ಲಿ ತಮ್ಮನ ಜೊತೆ ಬಂದಿದ್ದರು. ಗಾಣದ ಹತ್ತಿರ ಇನ್ನೂ ಹೋಗುವುದಿಲ್ಲವಂತೆ. ಕೊಪ್ಪರಿಗೆಯ ಬಳಿ ನಿಂತು, ಎಡಗೈಯಲ್ಲಿ ಒಂದು ತೊಟ್ಟು ಪಾಕ ತೆಗೆದು ನೀರಿಗೆ ಬಿಟ್ಟು ಹದ ನೋಡುವುದು ಅವರದೇ ಕೆಲಸವಾಗಿದೆಯಂತೆ. ನನಗೊಂದು ಅಚ್ಚು ಬೆಲ್ಲ ತಂದಿದ್ದರು. ಹೆಬ್ಬೆರಳು ಹೇಗಿದೆ ಎಂದೆ. "ಎರಡಾಣೆ," ಎಂದರು.